ಸಂಗಮದ ಮಣ್ಣು

ಮಠದ ಭಕ್ತರೊಬ್ಬರ ಮಗ ಸಂಸಾರಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ ಮನೆಯ ಹಳೆಯ ಅಂಬಾಸಿಡರ್ ಕಾರನ್ನೂ ಹಡಗಿನಲ್ಲಿ ಒಯ್ಯಲು ನಿಶ್ಚಯಿಸಿದರು. ಅವರೊಡನೆ ನಾನೂ ಚೆನ್ನೈ ಬಂದರಿಗೆ ಹೋಗಿದ್ದೆ. 25 ವರ್ಷ ಮೀರಿದ ವಾಹನಕ್ಕೆ ಆ ದೇಶದಲ್ಲಿ ಆಮದು ಅನುಮತಿ ದೊರೆಯುವುದುಂಟು. ಹಡಗೇರುವ ಮುನ್ನವೇ ಅದನ್ನು ಪಡೆದಿರಬೇಕು. ಬ್ರೇಕಿನಲ್ಲಿ ಕಲ್ನಾರು ಇರಕೂಡದು. ಮಣ್ಣಿನ ನಿಯಮವಂತೂ ಇನ್ನೂ ಕಠಿಣ: ತಳಭಾಗದಲ್ಲಿ ಹುಲ್ಲಿನ ಬೀಜವೂ ಉಳಿಯಬಾರದು. ಕಬ್ಬಿಣದ ಗಾಡಿಗೂ ಇಷ್ಟು ಮಡಿಯೇ ಎಂದು ನಗು ಬಂದಿತು. ಆದರೆ ಅನ್ಯದೇಶದ ರೋಗಕೀಟಗಳು ಬೆಳೆಗೆ ತಗುಲಬಾರದೆಂಬ ಎಚ್ಚರಿಕೆ ಒಕ್ಕಲು ಮನೆತನದವರಿಗೆ ಅರ್ಥವಾಗದ ಮಾತಲ್ಲ.

ಆ ಕಾರು ವರ್ಷವರ್ಷವೂ ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಹೋಗಿಬಂದುದು. ಬಂದರಿನ ಸಮೀಪದ ಅಂಗಳದಲ್ಲಿ ತೊಳೆಯುವಾಗ ಎರೆಮಣ್ಣು ಕರಗಿ ಹರಿಯತೊಡಗಿತು. ಹಿರಿಯರು ಬಾಗಿ, ಚಿಟಿಕೆಯಷ್ಟು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು.

"ಅಪ್ಪಾ, ಅದನ್ನ ಒಯ್ಯಾಕ ಬರೂದಿಲ್ಲ" ಎಂದ ಮಗ.

"ನಿನಗಲ್ಲೋ ತಮ್ಮಾ, ನನಗ. ನಾ ಇಲ್ಲೇ ಇರಾಂವ" ಎಂದರು.