ಗುಬ್ಬಿಗೆ ಎರಡೇ ಮನೆ

ನಮ್ಮೂರು ಗುಬ್ಬಿ. ಪದಬಂಧದಲ್ಲಿ ಅದಕ್ಕೆ ಎರಡೇ ಮನೆ ಸಾಕು: ಗು, ಬ್ಬಿ. ನಾನು ದಿನಾ ಕೆಲಸಕ್ಕೆ ಹೋಗುವ ತುಮಕೂರಿಗೆ ನಾಲ್ಕು ಬೇಕು. ಅಮ್ಮನ ತವರು ಕುಣಿಗಲ್ಲಿಗೂ ನಾಲ್ಕೇ. ಆದರೆ ಅದರ ಕೊನೆಯ ಮನೆಯಲ್ಲಿ ಕೂತಿರುವ ‘ಲ್’ ಮಹಾ ತಂಟೆಕೋರ. ಅದರ ಕಥೆ ಆಮೇಲೆ ಹೇಳುತ್ತೇನೆ.

ಅಪ್ಪನಿಗೆ ಪದಬಂಧದ ಹುಚ್ಚು. ವಾರಪತ್ರಿಕೆ ಮನೆಗೆ ಬಂದರೆ ಧಾರಾವಾಹಿ ಅಮ್ಮನಿಗೆ, ಚಿತ್ರಗಳು ನಮಗೆ, ಆ ಒಂದು ಪುಟ ಅಪ್ಪನಿಗೆ. ಅವರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತು ಅಡುಗೆಮನೆಯ ಕಡೆಗೆ ಕೂಗುತ್ತಿದ್ದರು. “ಲೇ, ಒಂದು ಲೋಹ, ಮೂರಕ್ಷರ, ನಡುವೆ ಬ್ಬಿ!” ಒಗ್ಗರಣೆಯ ಸದ್ದಿನ ನಡುವೆಯೇ ಉತ್ತರ ಬರುತ್ತಿತ್ತು. “ಕಬ್ಬಿಣ ಅಲ್ವೇನ್ರೀ, ಅದಕ್ಕೂ ನನ್ನೇ ಕೇಳ್ಬೇಕಾ?” ಸುಳಿವು ‘ಕವಿ’ ಎಂದಿದ್ದರೆ ಮಾತ್ರ ಅಪ್ಪ ಯಾರನ್ನೂ ಕೇಳುತ್ತಿರಲಿಲ್ಲ. ‘ಕಬ್ಬಿಗ’ ಎಂದು ತಾವೇ ಬರೆದುಕೊಂಡು, 1513ರಲ್ಲಿ ‘ಭಾವಚಿಂತಾರತ್ನ’ ಬರೆದ ಗುಬ್ಬಿಯ ಮಲ್ಲಣಾರ್ಯರ ವಿಷಯ ತೆಗೆಯುತ್ತಿದ್ದರು. ನಮ್ಮೂರೆಂದರೆ ಎಲ್ಲರಿಗೂ ವೀರಣ್ಣನವರ ನಾಟಕ ಕಂಪನಿಯೇ ನೆನಪಾಗುತ್ತದೆ, ಅದಕ್ಕೂ ಮುಂಚೆ ಇಲ್ಲಿ ಕಬ್ಬಿಗರಿದ್ದರು ಅಂತ ಯಾರಿಗೂ ಗೊತ್ತಿಲ್ಲ ಎನ್ನುವುದು ಅವರ ಖಾಯಂ ದೂರು.

ಈ ಆಟ ಹುಟ್ಟಿದ್ದು ನಮಗಾಗಿ ಅಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟಾಗ ಅವನ ಕೈಲಿದ್ದದ್ದು ಇಪ್ಪತ್ತಾರೇ ಅಕ್ಷರ. ಅಷ್ಟರಲ್ಲಿ ಯಾವುದಕ್ಕೆ ಯಾವುದನ್ನು ಬೇಕಾದರೂ ಹೆಣೆಯಬಹುದು. ಕನ್ನಡದಲ್ಲಿ ಕಾಗುಣಿತ ಬಿಡಿಸಿದರೇ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರದ ಸಂತೆ. ಅಡ್ಡ ಪದದ ‘ಬ್ಬಿ’ಯೇ ಉದ್ದ ಪದದಲ್ಲೂ ಬರಬೇಕು, ‘ಬಿ’ ಆಗದು, ‘ಬ್ಬೆ’ಯೂ ಆಗದು. ನಮ್ಮ ಪದಬಂಧಗಳಲ್ಲಿ ಕಪ್ಪು ಮನೆಗಳು ಜಾಸ್ತಿ ಏಕೆ ಎಂದು ಕೇಳುವವರು ಒಮ್ಮೆ ತಾವೇ ಒಂದನ್ನು ರಚಿಸಿ ನೋಡಬೇಕು. ಇಂಥದ್ದರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯ ಎ. ಎನ್. ಪ್ರಹ್ಲಾದ ರಾವ್ ಸಾವಿರ ಸಾವಿರ ಪದಬಂಧ ರಚಿಸಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದರು. ಅವರ ಊರಿನ ಹೆಸರಿನಲ್ಲೇ ಒಂದು ಬ್ಬ ಇರುವುದನ್ನು ಅಪ್ಪ ಗಮನಿಸದೆ ಬಿಟ್ಟಿರಲಿಲ್ಲ.

ಬಿಡಿಸುವವರ ಕಷ್ಟವೇ ಬೇರೆ. ನಿಘಂಟು ಮೊದಲ ಅಕ್ಷರದ ಗುಲಾಮ. ಕಿಟೆಲ್ 1894ರಲ್ಲಿ ಕೊಟ್ಟದ್ದಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲಿ, ‘ಮೂರಕ್ಷರ, ಕೊನೆಗೆ ಣಿ’ ಎಂದು ಹೋದವರಿಗೆ ಬಾಗಿಲು ತೆಗೆಯುವುದಿಲ್ಲ. ಅದಕ್ಕೇ ಅಪ್ಪ ಹಳೆಯ ಲೆಡ್ಜರ್ ಒಂದರಲ್ಲಿ ತಮ್ಮದೇ ನಿಘಂಟು ಮಾಡಿಕೊಂಡಿದ್ದರು. ಎರಡಕ್ಷರ, ಮೂರಕ್ಷರ, ನಾಲ್ಕಕ್ಷರ ಎಂದು ಭಾಗ. ಒಂದೊಂದರೊಳಗೂ ಕೊನೆಯ ಅಕ್ಷರದ ಪ್ರಕಾರ ಪುಟ. ಜಮಾ ಅಂಕಣದಲ್ಲಿ ಪದ, ಖರ್ಚು ಅಂಕಣದಲ್ಲಿ ಅರ್ಥ. ‘ರ’ದ ಪುಟದಲ್ಲಿ ‘ನಗರ’ಕ್ಕೆ ಕೆಂಪು ಗೆರೆ ಎಳೆದಿದೆ: ಮೊದಲನೆಯದನ್ನು ತೆಗೆದರೆ ಗರ, ನಡುವಿನದನ್ನು ತೆಗೆದರೆ ನರ, ಕೊನೆಯದನ್ನು ತೆಗೆದರೆ ನಗ. ‘ಳು’ ಪುಟ ತುಂಬಿ ಹರಿಯುತ್ತಿತ್ತು. ಬಹುವಚನಕ್ಕೆ ಪ್ರವೇಶವಿಲ್ಲ ಎಂದು ಮೇಲುಗಡೆ ಬರೆದ ಮೇಲೆ ಸ್ವಲ್ಪ ತಹಬಂದಿಗೆ ಬಂತು.

‘ಲ್’ ಪುಟ ಮಾತ್ರ ಬಡವಾಗಿತ್ತು. ಕುಣಿಗಲ್, ಹೋಟೆಲ್, ಪೆನ್ಸಿಲ್, ಸೈಕಲ್. ಹಳಗನ್ನಡದಲ್ಲಿ ಕಲ್, ಬಿಲ್, ಪಾಲ್, ನೆಲ್ ಎಂದು ವ್ಯಂಜನದಲ್ಲೇ ನಿಲ್ಲುತ್ತಿದ್ದ ಪದಗಳಿಗೆಲ್ಲ ನಾವು ಕೊನೆಗೊಂದು ಉಕಾರ ಅಂಟಿಸಿ ಕಲ್ಲು, ಬಿಲ್ಲು, ಹಾಲು, ನೆಲ್ಲು ಮಾಡಿಕೊಂಡೆವು. ಹಾಗೆ ಖಾಲಿ ಬಿದ್ದ ಜಾಗಕ್ಕೆ ಇಂಗ್ಲಿಷಿನ ಪದಗಳು ಬಾಡಿಗೆಗೆ ಬಂದವು. ಊರ ಹೆಸರುಗಳು ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ.

ಈಗ ತಂಗಿಯ ಮಗಳ ಕೈಲಿ ಫೋನು. 2021ರಲ್ಲಿ ಜಾಶ್ ವಾರ್ಡಲ್ ಜನರ ಮುಂದಿಟ್ಟ ‘ವರ್ಡಲ್’ ಆಟ ಅವಳ ಬೆಳಗಿನ ಪೂಜೆ. “ಮಾಮ, ಐದು ಲೆಟರ್, ನಡುವೆ ಎ, ಕೊನೆಗೆ ಟಿ, ಹೇಳು” ಅಂತಾಳೆ. “ಗುಬ್ಬಿ ಎಷ್ಟು ಲೆಟರ್?” ಎಂದೆ. “ಐದು.” “ಕನ್ನಡದಲ್ಲಿ?” “ಎರಡು.” ಅಲ್ಲಿಗೆ ಮುಗಿಯಲಿಲ್ಲ. ಶಾಲೆಯ ವ್ಯಾಕರಣದಂತೆ ಗ್, ಉ, ಬ್, ಬ್, ಇ ಎಂದು ಬಿಡಿಸಿದರೆ ಕನ್ನಡದಲ್ಲೂ ಐದೇ. ಕುಣಿಗಲ್ ಏಳು, ಇಂಗ್ಲಿಷಿನಲ್ಲೂ ಏಳು. ತುಮಕೂರು ಎಂಟು, ಇಂಗ್ಲಿಷಿನವರು ಬಹಳ ಕಾಲ ಅದನ್ನು ಆರರಲ್ಲೇ ಮುಗಿಸುತ್ತಿದ್ದರು, 2014ರ ನವೆಂಬರ್ 1ರಂದು ಹೆಸರು ತಿದ್ದಿದ ಮೇಲೆ ಎಂಟಕ್ಕೆ ಸರಿಯಾಗಿ ಬಂತು. ಕಂಪ್ಯೂಟರಿನ ಯೂನಿಕೋಡಿನದ್ದು ಮತ್ತೊಂದು ಲೆಕ್ಕ. ಗುಬ್ಬಿಗೆ ಅದು ಆರು ಅನ್ನುತ್ತದೆ, ಕೊಂಬು, ಗುಡಿಸು, ಒತ್ತಿನ ಗುರುತನ್ನೆಲ್ಲ ಬೇರೆ ಬೇರೆ ಹಿಡಿದು.

ನನಗೆ ಇಷ್ಟವಾದದ್ದು ಛಂದಸ್ಸಿನ ಲೆಕ್ಕ. ಮುಂದಿನ ಒತ್ತಿನ ಭಾರಕ್ಕೆ ‘ಗು’ ಗುರುವಾಗಿ ಗುಬ್ಬಿಗೆ ಮೂರು ಮಾತ್ರೆ. ‘ಲ್’ ಹಿಂದಿನ ‘ಗ’ಕ್ಕೆ ಒರಗಿಕೊಂಡು ಕುಣಿಗಲ್ಲಿಗೆ ನಾಲ್ಕು. ತುಮಕೂರಿಗೆ ಐದು. ಮೂರರ ಗಣ, ನಾಲ್ಕರ ಗಣ, ಐದರ ಗಣ, ಮೂರೂ ಒಂದೇ ಜಿಲ್ಲೆಯಲ್ಲಿ! ಮಾತ್ರಾಗಣ ಕಲಿಸುವ ಮೇಷ್ಟರು ಬಸ್‌ಸ್ಟ್ಯಾಂಡಿನ ಬೋರ್ಡ್ ತೋರಿಸಿದರೆ ಸಾಕು.

ನಿವೃತ್ತಿಯಾದ ಮೇಲೆ ಅಪ್ಪ ತಾವೇ ಪದಬಂಧ ರಚಿಸತೊಡಗಿದರು. ಜಿಲ್ಲೆಯ ಊರುಗಳನ್ನೆಲ್ಲ ಸೇರಿಸಬೇಕೆಂಬ ಆಸೆ. ತುಮಕೂರು ಸಲೀಸಾಗಿ ಕೂತಿತು. ಅದರ ನಾಲ್ಕು ಮನೆಗೂ ಯಾವ ಪದ ತಂದರೂ ಹೊಂದುತ್ತದೆ. ಗುಬ್ಬಿಗೆ ಕಬ್ಬಿಗ ಇದ್ದೇ ಇದ್ದ. ಕುಣಿಗಲ್ ಸತಾಯಿಸಿತು. ‘ಣಿ’ಯಿಂದ ಶುರುವಾಗುವ ಪದ ಕನ್ನಡದಲ್ಲಿ ಎಲ್ಲಿಂದ ತರುವುದು? ‘ಲ್’ ಇರುವ ಮನೆಯಲ್ಲಂತೂ ಅಡ್ಡ, ಉದ್ದ ಎರಡೂ ಪದ ಅಲ್ಲೇ ಮುಗಿಯಬೇಕು. ಕುಣಿಗಲ್ಲಿನ ಸೋದರಮಾವ ಬಂದವರು ಕಾಗದ ನೋಡಿ ಮುಖ ಊದಿಸಿಕೊಂಡರು. “ನಮ್ಮೂರಲ್ಲಿ ಕೆರೆ ಇದೆ, ಕುದುರೆ ಫಾರಂ ಇದೆ, 2017ರಲ್ಲಿ ರೈಲೂ ಬಂತು. ನಿಮ್ಮ ಪದಬಂಧದಲ್ಲಿ ಒಂದು ಜಾಗ ಇಲ್ವಾ ಭಾವ?”

“ಕೆಳಗಡೆ ಬಲಮೂಲೇಲಿ ಕೊಡ್ತೀನಿ ಕಣಯ್ಯ. ಆದ್ರೆ ಮೇಲಿಂದ ಒಂದು ಹೋಟೆಲ್ ಬಂದು ನಿಮ್ಮೂರ ಲ್ ಮೇಲೆ ಕೂರುತ್ತೆ, ಪರವಾಗಿಲ್ವಾ?”

ಮಾವ ಒಂದು ಗಳಿಗೆ ಯೋಚಿಸಿದರು. “ಸ್ಟೇಷನ್ ಹತ್ರ ಒಂದು ಬೇಕಾಗಿತ್ತು. ಹಾಕ್ಬಿಡಿ.”