ಬೈಯುವ ಹಕ್ಕಿಗೊಂದು ಬೆಲೆ

ಶಿಕಾರಿಪುರ, ಸೊರಬದ ಕಡೆ ಅಡಿಕೆ ತೋಟವಿಲ್ಲದ ಮನೆಯಾದರೂ ಸಿಕ್ಕೀತು, ಬೆಂಗಳೂರಿನ ಸಾಫ್ಟ್‌ವೇರ್ ನೆಂಟರಿಲ್ಲದ ಮನೆ ಸಿಗುವುದು ಕಷ್ಟ. ಹಬ್ಬಕ್ಕೆ ಬಂದ ಈ ಹುಡುಗರ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಕೆಲಸದ ಜೊತೆ ಸ್ವಂತದ್ದೂ ಒಂದಿರುತ್ತದೆ: ಅಡಿಕೆ ಧಾರಣೆ ತೋರಿಸುವ ಆ್ಯಪ್, ಮದುವೆ ಛತ್ರದ ಬುಕಿಂಗ್, ಜಾತ್ರೆ ಚಂದಾದ ಲೆಕ್ಕ. ಎಲ್ಲವೂ ಚೆನ್ನಾಗಿ ನಡೆಯುತ್ತವೆ, ಯಾವುದೂ ವ್ಯಾಪಾರವಾಗುವುದಿಲ್ಲ.

ನನ್ನ ಅಕ್ಕನ ಮಗನದೂ ಒಂದಿದೆ. ಮೆಕ್ಕೆಜೋಳ ಕೊಳ್ಳುವ ವರ್ತಕರಿಗೆಂದು ಬರೆದದ್ದು. ತೂಕ, ತೇವಾಂಶದ ಕಡಿತ, ರೈತರಿಗೆ ಕೊಟ್ಟ ಮುಂಗಡ, ಎಲ್ಲ ಕನ್ನಡದಲ್ಲೇ. ಶಿಕಾರಿಪುರದ ವರ್ತಕರೊಬ್ಬರು ಕನ್ನಡಕ ಏರಿಸಿ ನೋಡಿ ಮೆಚ್ಚಿದರು.

"ಎಷ್ಟು ತಮ್ಮಾ?"

ಇವನು ನೆಲ ನೋಡಿದ. "ದುಡ್ಡೇನೂ ಬ್ಯಾಡ ಸಾಹುಕಾರ್ರೇ, ಸುಮ್ನೆ ಬಳಸಿ."

ಅವರು ಮೊಬೈಲನ್ನು ವಾಪಸು ಕೊಟ್ಟರು. "ಸುಗ್ಗೀಲಿ ಲಾರಿ ಬಂದು ನಿಂತಾಗ ಇದು ಕೈಕೊಟ್ರೆ ನಾನು ಯಾರನ್ನ ಬೈಲಿ?"

ನಮ್ಮ ಹುಡುಗರದು ಸೊರಬದ ಗುಡಿಗಾರರ ಮನಸ್ಸು. ಗಂಧದ ತುಂಡಿನ ಮುಂದೆ ಕೂತರೆ ಅವರಿಗೆ ಲೋಕ ಬೇಡ. ಆದರೆ ಗುಡಿಗಾರರ ಕೆಲಸವನ್ನು ಮಾರಿಕೊಡಲು ಕಾವೇರಿ ಎಂಪೋರಿಯಂ ಇದೆ, ಕೆತ್ತಿ ಕೊಟ್ಟ ಗಣಪತಿಯನ್ನು ಪ್ರತಿ ವರ್ಷ ತಿದ್ದಿಕೊಡಿ ಎಂದು ಯಾರೂ ಕೇಳುವುದಿಲ್ಲ. ಸಾಫ್ಟ್‌ವೇರಿಗೆ ಆ ಸುಖವಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಬಿಲ್ಲು ಹಾಕುವ ಪ್ರೋಗ್ರಾಮುಗಳನ್ನೆಲ್ಲ ತಿದ್ದಬೇಕಾಯಿತು. ಬರೆದವನು ಅಷ್ಟರಲ್ಲಿ ಬೇರೆಯದರ ಹಿಂದೆ ಬಿದ್ದಿದ್ದರೆ ಅಂಗಡಿಯವನು ಮತ್ತೆ ಕಿರ್ದಿ ಪುಸ್ತಕವನ್ನೇ ತೆಗೆಯಬೇಕು.

1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಲೆಕ್ಕ ಬರೆಯುವ ಟ್ಯಾಲಿಗೆ ಬರೆದವನು ಕೈಗೆ ಸಿಗಬೇಕೆಂಬ ಮಾತು ಮೊದಲೇ ತಿಳಿದಿತ್ತು. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರದ ಲೆಕ್ಕಕ್ಕೆ ಹೊಂದುವ ಪ್ರೋಗ್ರಾಮು ಸಿಗಲಿಲ್ಲ. ಬರೆಯಲು ಮಗ ಭರತ್‌ಗೇ ಹೇಳಿದರು. ಗಿರಾಕಿ ಮನೆಯಲ್ಲೇ, ಅದೂ ಅಪ್ಪ! ಲೆಕ್ಕ ತಪ್ಪಿದರೆ ತಪ್ಪಿಸಿಕೊಳ್ಳುವುದೆಲ್ಲಿಗೆ? ಮುಂದೆ ಅದನ್ನು ಮಾರಿ, ಹಾಕಿಕೊಟ್ಟು, ಕರೆದರೆ ಬರುವ ಜನ ಊರೂರಲ್ಲಿ ಹುಟ್ಟಿಕೊಂಡರು. ಈಗ ಲೆಕ್ಕದ ಕೆಲಸ ಕೇಳಿಕೊಂಡು ಹೋದವರಿಗೆ ಮೊದಲ ಪ್ರಶ್ನೆಯೇ "ಟ್ಯಾಲಿ ಬರುತ್ತಾ?"

ಹಾಗಾದರೆ ಪುಕ್ಕಟೆ ಕೊಡುವುದು ತಪ್ಪೇ? 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಉಚಿತವಾಗಿ ಕೊಡದಿದ್ದರೆ ನನ್ನಂಥ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಇನ್ನೂ ತಡವಾಗುತ್ತಿತ್ತು. ಅದು ದಾನ, ಅದರ ಘನತೆಯೇ ಬೇರೆ. ಆದರೂ ವರ್ಷಗಳು ಕಳೆದ ಮೇಲೆ ಬರಹಕ್ಕೂ ಬೆಲೆ ಇಡಬೇಕಾಯಿತು.

ದುಡ್ಡು ಕೇಳಲು ನಾಚುವುದನ್ನು ನಾವು ಸಂಸ್ಕಾರ ಅಂದುಕೊಂಡಿದ್ದೇವೆ. ದುಡ್ಡು ತೆಗೆದುಕೊಂಡವನನ್ನು ಅರ್ಧರಾತ್ರಿ ಎಬ್ಬಿಸಿ ಕೇಳಬಹುದು. ಪುಕ್ಕಟೆ ಕೊಟ್ಟವನಿಗೆ ಕೈ ಮುಗಿಯಬಹುದು, ಅಷ್ಟೆ. ಶಿಕಾರಿಪುರದ ವರ್ತಕರು ದುಡ್ಡು ಬಿಚ್ಚಲು ಸಿದ್ಧರಿದ್ದದ್ದು ಆ ಬೈಯುವ ಹಕ್ಕಿಗೆ.

"ವರ್ಷಕ್ಕಿಷ್ಟು ಅಂತ ಕೇಳು, ಸುಗ್ಗಿ ಮುಗಿಯೋವರೆಗೆ ಊರಲ್ಲೇ ಇರು. ಆಗದಿದ್ರೆ ಇಲ್ಲೇ ಇರೋನೊಬ್ಬನನ್ನ ಪಾಲಿಗೆ ಸೇರಿಸ್ಕೋ" ಎಂದು ಅಕ್ಕನ ಮಗನಿಗೆ ಹೇಳಿದೆ. "ಹೂಂ ಮಾಮ" ಎಂದ. ಈಗ ಶುಂಠಿ ಬೆಳೆಗಾರರಿಗೆ ಹೊಸದೊಂದು ಬರೆಯುತ್ತಿದ್ದಾನಂತೆ. ಅದೂ ಪುಕ್ಕಟೆಯೇ.