ಲಾರಿಯ ಮೈಮೇಲಿನ ಹೆಸರು

ಆಟಿಗೆಗೂ ಒಂದು ಇತಿಹಾಸವೇ ಎಂದು ಹುಬ್ಬೇರಿಸುವವರುಂಟು. ರಾಜರಿಗೆ ಶಾಸನಗಳಿವೆ, ಕವಿಗಳಿಗೆ ಓಲೆಗರಿಗಳಿವೆ. ಹೇರು ಹೊತ್ತು ಊರೂರು ತಿರುಗುವ ಲಾರಿಗೆ ಏನಿದೆ? ಅದರ ನೆನಪನ್ನು ಕಾಯ್ದುಕೊಂಡದ್ದು, ವಿಚಿತ್ರವೆನ್ನಿ, ಅಂಗೈಯಗಲದ ಒಂದು ಆಟಿಗೆ.

ಲಂಡನ್ನಿನ ಜಾಕ್ ಒಡೆಲ್ ಎಂಬಾತನ ಮಗಳ ಶಾಲೆಯಲ್ಲಿ, ಕಡ್ಡಿಪೆಟ್ಟಿಗೆಯಲ್ಲಿ ಹಿಡಿಸುವ ಆಟಿಗೆಯನ್ನಷ್ಟೇ ತರಬೇಕೆಂಬ ನಿಯಮವಿತ್ತಂತೆ. ತಂದೆ ಹಿತ್ತಾಳೆಯ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. ಅದರಿಂದ ಆತನಿದ್ದ ಲೆಸ್ನಿ ಕಂಪನಿಯಲ್ಲಿ 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಮಾಲೆ ಹುಟ್ಟಿ ಜಗತ್ತನ್ನೆಲ್ಲ ಸುತ್ತಿತು. 1982ರಲ್ಲಿ ಲೆಸ್ನಿ ದಿವಾಳಿಯಾಯಿತು. ಅರುವತ್ತು ದಾಟಿದ್ದ ಒಡೆಲ್ ಸುಮ್ಮನೆ ಕೂಡಲಿಲ್ಲ. ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿಸಿ ‘ಲೆಡೊ’ ಎಂಬ ಹೊಸ ಕಂಪನಿ ಕಟ್ಟಿದ. 1983ರಲ್ಲಿ ‘ಡೇಸ್ ಗಾನ್’, ಎಂದರೆ ಕಳೆದುಹೋದ ದಿನಗಳು, ಎಂಬ ಮಾಲೆ ಹೊರಬಂದಿತು.

ಕರಗಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬಿದರೆ ಗಾಡಿಯ ಮೈ ಸಿದ್ಧ. ಅಚ್ಚು ಮಾಡಿಸುವುದೇ ದುಬಾರಿ. ಆದುದರಿಂದ 1920ರ ಫೋರ್ಡ್ ವ್ಯಾನಿನ ಒಂದೇ ಅಚ್ಚಿನಿಂದ ಲೆಡೊ ಎಷ್ಟೋ ಬಗೆ ತೆಗೆಯಿತು: ಬಣ್ಣ ಬೇರೆ, ಮಗ್ಗುಲಿನ ಹೆಸರು ಬೇರೆ. ಒಂದು ಚಹಾದವನದು, ಇನ್ನೊಂದು ಬ್ರೆಡ್ಡಿನವನದು. ಸಂಗ್ರಾಹಕರು ಹೆಸರಿಗಾಗಿಯೇ ಕೊಂಡರು. 1999ರಲ್ಲಿ ಲೆಡೊ ಕೂಡ ಮುಳುಗಿತು, ಆಟಿಗೆಗಳು ಉಳಿದವು.

ಮೈ ಒಂದೇ, ಹೆಸರು ಬೇರೆ ಎಂಬುದು ನಮ್ಮ ಗದಗ-ಬೆಟಗೇರಿಯವರಿಗೆ ಹೊಸದಲ್ಲ. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ಬರುವ ಲಾರಿಗಳು ಹೆಚ್ಚಿನವು ಟಾಟಾ, ಇಲ್ಲವೆ ಲೇಲ್ಯಾಂಡ್. ಆದರೆ ಹಣೆಯ ಮೇಲೆ ‘ಫಕೀರೇಶ್ವರ ಪ್ರಸನ್ನ’ ಎಂದಿದ್ದರೆ ಶಿರಹಟ್ಟಿ ಕಡೆಯದು, ‘ಸೋಮೇಶ್ವರ’ ಎಂದರೆ ಲಕ್ಷ್ಮೇಶ್ವರದ್ದು, ‘ಅನ್ನದಾನೀಶ್ವರ’ ಎಂದರೆ ಮುಂಡರಗಿಯದು. ವೀರನಾರಾಯಣನಂತೂ ಗದುಗಿನವನೇ.

ಈ ಹೆಸರುಗಳನ್ನು ಬರೆಯುವುದೇ ನಮ್ಮ ತಂದೆಯವರ ಕಸುಬು. ಸುಣ್ಣ ಹಚ್ಚಿದ ದಾರವನ್ನು ಮಿಡಿದು ಎರಡು ಗೆರೆ ಮೂಡಿಸಿ, ನಡುವೆ ಅಕ್ಷರ ನಿಲ್ಲಿಸುವರು. “ಒತ್ತು ಕೆಳಗಿನ ಗೆರಿ ದಾಟಬಾರದು ತಮ್ಮಾ, ಮೊದಲ ಜಾಗಾ ಇಟಗೋಬೇಕು” ಎನ್ನುವರು. ನಾನು ಒತ್ತಕ್ಷರ ಕಲಿತದ್ದು ಪಾಟಿಯ ಮೇಲಲ್ಲ, ಲಾರಿಯ ಮಗ್ಗುಲಲ್ಲಿ.

ಲಾರಿಯ ಬಣ್ಣಕ್ಕೆ ಆಯುಷ್ಯ ಕಡಿಮೆ. ಪಾಸಿಂಗಿಗೆ ಮುನ್ನ ಹೊಸ ಬಣ್ಣ ಬಳಿಸುತ್ತಾರೆ. ಗಾಡಿ ಮಾರಿದರೆ ಕೊಂಡವನ ದೇವರೇ ಬೇರೆ. ಈಗಂತೂ ಯಂತ್ರ ಕತ್ತರಿಸಿದ ಸ್ಟಿಕರಿನ ಅಕ್ಷರ ಬಂದಿದೆ. ತಂದೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಮೂವತ್ತು ವರ್ಷ ಅವರು ಬರೆದದ್ದರಲ್ಲಿ ಒಂದಕ್ಷರವೂ ನಮ್ಮಲ್ಲಿ ಉಳಿದಿಲ್ಲ.

ಕಳೆದ ದೀಪಾವಳಿಗೆ ಬಂದ ಅಕ್ಕನ ಮಗ, ಮುಂಬಯಿಯ ಹಳೆ ಸಾಮಾನಿನ ಬಜಾರದಲ್ಲಿ ಕೊಂಡ ಲೆಡೊ ವ್ಯಾನೊಂದನ್ನು ನನ್ನ ಕೈಗಿಟ್ಟು, “ಡಬ್ಬಿ ಇರಲಿಲ್ಲ ಮಾಮಾ, ಅದಕ್ಕ ಅಗ್ಗ ಸಿಕ್ತು” ಎಂದ. ಯಾವುದೋ ದೂರದ ವ್ಯಾಪಾರಿಯ ಹೆಸರು ಅದರ ಮೇಲೆ ನಿನ್ನೆ ಬರೆದಷ್ಟು ಸ್ವಚ್ಛವಾಗಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾದೀತು.

ಸಂಗ್ರಾಹಕರನ್ನು ಹುಚ್ಚರೆಂದು ನಗಲು ನನಗೆ ಮನಸ್ಸಿಲ್ಲ. ಗದುಗಿನ ಭಾರತವಾದರೂ ಉಳಿದದ್ದು, ಎಷ್ಟೋ ಮಂದಿ ಕೂತು ಅದನ್ನು ಪ್ರತಿಮಾಡಿ ಜತನಮಾಡಿದ್ದರಿಂದಲ್ಲವೆ? ನಿಮ್ಮ ಮನೆಯಲ್ಲಿ ಹೊಸ ಲಾರಿಯ ಪೂಜೆಯ ಹಳೆಯ ಫೋಟೋ ಇದ್ದರೆ, ಹೂವಿನ ಹಾರದ ಹಿಂದಿನ ಅಕ್ಷರಗಳನ್ನು ಒಮ್ಮೆ ದಿಟ್ಟಿಸಿ ನೋಡಿರಿ. ಒತ್ತು ಕೆಳಗಿನ ಗೆರೆಯನ್ನು ದಾಟಿರದಿದ್ದರೆ, ಅದು ನಮ್ಮ ತಂದೆಯವರ ಕೈಬರಹವೇ ಇದ್ದೀತು.